ಮಧ್ಯದ್ದು ಹೇಳಿಬಿಡಿ

ನಮ್ಮದು ಕನ್ನಡಕದ ಗಾಜು ಉಜ್ಜುವ ಸಣ್ಣ ಕಂಪನಿ. ಮಾಲೀಕರು ನನ್ನ ಭಾವ, ಅಕ್ಕನ ಗಂಡ. ಕೆಲಸಗಾರರು ಇಪ್ಪತ್ತಾರು ಜನ, ಮ್ಯಾನೇಜರುಗಳು ಮೂವರು. ಹಾಜರಿ ಪುಸ್ತಕ ಬರೆಯುವುದರಿಂದ ಹಿಡಿದು ಯಾರಿಗೂ ಬೇಡದ ಕೆಲಸಗಳಿಗೆಲ್ಲ ಹದಿನಾಲ್ಕು ವರ್ಷದಿಂದ ನಾನು. ಒಂದೇ ವರ್ಷದಲ್ಲಿ ಒಂಬತ್ತು ಜನ ಬಿಟ್ಟುಹೋದಾಗ ಭಾವ, "ನಮ್ಮ ಮ್ಯಾನೇಜರುಗಳಿಗೆ ಜನರನ್ನ ನಡೆಸ್ಕೊಳೋದು ಗೊತ್ತಿಲ್ಲ ಕಣಯ್ಯಾ. ಒಂದು ಒಳ್ಳೆ ಟ್ರೈನಿಂಗ್ ಹುಡುಕು" ಎಂದರು.

ಹುಡುಕಿದೆ. ಮೊದಲು ಬಂದ ತರಬೇತುದಾರ ಮೂವರು ಮ್ಯಾನೇಜರುಗಳಿಂದಲೂ ಕಾಗದದ ಲೋಟಗಳ ಗೋಪುರ ಕಟ್ಟಿಸಿದ. ಎರಡನೆಯವಳು ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದಳು. ಉಜ್ಜುವ ವಿಭಾಗದ ಮ್ಯಾನೇಜರು, ನಾವೆಲ್ಲ ಗುಡುಗಪ್ಪ ಅನ್ನುವವರು, ನೀರಿನ ಡ್ರಮ್ಮಿಗೆ ಮಂಡಿ ಬಡಿಸಿಕೊಂಡು ಮೊದಲಿಗಿಂತ ಜೋರಾಗಿ ಗುಡುಗಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನಗಂತೂ ಟ್ರೈನಿಂಗ್ ಎಂಬ ಪದವೇ ಸಾಕಾಗಿ ಹೋಗಿತ್ತು.

ಮೂರನೇ ಟ್ರೈನಿಂಗ್ ಮಾತ್ರ ತಲೆಗೆ ಹತ್ತಿತು. ತಪ್ಪನ್ನು ನೇರವಾಗಿ ಹೇಳಬಾರದು; ಮೊದಲು ಒಂದು ಹೊಗಳಿಕೆ, ಮಧ್ಯದಲ್ಲಿ ತಪ್ಪು, ಕೊನೆಗೆ ಇನ್ನೊಂದು ಹೊಗಳಿಕೆ. ಮೂವರೂ ಬಾಯಿಪಾಠ ಮಾಡಿಕೊಂಡು ಬಂದರು. ಒಂದೇ ತಿಂಗಳಲ್ಲಿ ಕೂಗಾಟ ನಿಂತಿತು. ಎರಡನೇ ತಿಂಗಳ ಹೊತ್ತಿಗೆ ಯಾರನ್ನಾದರೂ ಹೊಗಳಿದರೆ ಸಾಕು, ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ನಾನು ಸುಮ್ಮನೆ "ಶರ್ಟು ಚೆನ್ನಾಗಿದೆಯಲ್ಲಪ್ಪಾ" ಎಂದಿದ್ದಕ್ಕೆ ಪ್ಯಾಕಿಂಗಿನವನೊಬ್ಬ ಕೈಯಲ್ಲಿದ್ದ ಡಬ್ಬಿ ಬೀಳಿಸಿದ. ಆಗ ನಗು ಬಂದಿತ್ತು. ಮಾರನೇ ವಾರ ತಪಾಸಣೆ ಮೇಜಿನ, ನಾವೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ರಾಜೀನಾಮೆ ಕೊಟ್ಟಾಗ ನಗು ಹೋಯಿತು.

ಹನ್ನೊಂದು ವರ್ಷದಿಂದ ಪ್ರತಿ ಗಾಜನ್ನೂ ದೀಪಕ್ಕೆ ಹಿಡಿದು, ಕೂದಲೆಳೆಯಂಥ ಗೀರನ್ನೂ ಬಿಡದೆ ಹಿಡಿಯುತ್ತಿದ್ದವರು ಅವರು. ಅವರು ಹೋದರೆ ಅರ್ಧ ಮಾಲು ಅಂಗಡಿಗಳಿಂದ ವಾಪಸು ಬರುವುದು ಖಂಡಿತ. "ಕೈಕಾಲು ಹಿಡಿದಾದ್ರೂ ಉಳಿಸ್ಕೋ" ಎಂದರು ಭಾವ.

ಸಂಜೆ ಅವರನ್ನು ನನ್ನ ಕೋಣೆಗೆ ಕರೆದೆ. "ಅಕ್ಕಾ, ನಿಮ್ಮಂಥ ಕಣ್ಣು ಇಲ್ಲಿ ಇನ್ನೊಬ್ಬರಿಗಿಲ್ಲ."

ಅವರು ಚೀಲ ಹಿಡಿದುಕೊಂಡು ಕಾದರು. "ಮಧ್ಯದ್ದು ಹೇಳಿಬಿಡಿ ಸರ್."

"ಮಧ್ಯದ್ದು ಏನೂ ಇಲ್ಲ. ನಿಜವಾಗ್ಲೂ ಹೇಳ್ತಿದೀನಿ."

"ಇದ್ದೇ ಇರತ್ತೆ ಬಿಡಿ. ಗುಡುಗಪ್ಪ ಬೈದಾಗ ಬಸ್ಸಲ್ಲಿ ಅತ್ತು ಮನೆಗೆ ಹೋಗೋ ಹೊತ್ತಿಗೆ ಮರೀತಿದ್ದೆ. ಈಗ ಹೊಗಳ್ತಾರೆ. ಎಲ್ಲಿ ತಪ್ಪಿದೀನಿ ಅಂತ ಮನೇಲೂ ಹುಡುಕ್ತಾನೇ ಇರ್ತೀನಿ. ಹಗಲೆಲ್ಲ ಗಾಜಲ್ಲಿ ಗೀರು ಹುಡುಕಿದ್ದು ಸಾಲದಾ ಸರ್?"

ಅವರು ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಬಾಗಿಲ ಹತ್ತಿರ ತಿರುಗಿದರು.

"ನೀವು ಒಳ್ಳೆಯವರು ಸರ್. ಆದ್ರೆ ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ನನ್ನ ಮೇಜಿನ ಹತ್ರ ಬಂದೋರಲ್ಲ." ನಿಯಮ ತಪ್ಪಬಾರದೆಂಬಂತೆ, "ನಿಮ್ಮ ಕೈಬರಹ ತುಂಬಾ ಚೆನ್ನಾಗಿದೆ" ಎಂದು ಸೇರಿಸಿ ಹೊರಟುಹೋದರು.

ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ತಪಾಸಣೆ ಮೇಜಿನವರೆಗೆ ನಡೆದು ಹೋದೆ. ಅಕ್ಕನ ಕುರ್ಚಿ ಖಾಲಿ ಇತ್ತು. ಪಕ್ಕದ ಮೇಜಿನಾಕೆ ನನ್ನನ್ನು ಕಂಡದ್ದೇ ಗಾಜು ಕೆಳಗಿಟ್ಟು ಎದ್ದುನಿಂತಳು.

"ನಂದೇನ್ ತಪ್ಪಾಯ್ತು ಸರ್?"

"ಏನೂ ಇಲ್ಲಮ್ಮ. ಸುಮ್ನೆ ಬಂದೆ, ಕೂತ್ಕೋ."

ಅವಳು ಕೂರಲಿಲ್ಲ.