ವಕೀಲರ ಫಿಯಾಟ್ ಮತ್ತು ಭಾಗೀರಥೀಬಾಯಿಯವರ ಕಾಲು

ರಾಣೆಬೆನ್ನೂರಿನ ವಕೀಲ ಕೃಷ್ಣಾಜಿಯವರು ಎಡಗಿವಿಯನ್ನು ತುಸು ಮುಂದೆ ಚಾಚಿಕೊಂಡೇ ನಡೆಯುತ್ತಾರೆ. ಕೋರ್ಟು ಬಿಟ್ಟು ವರ್ಷಗಳಾದರೂ ಕರಿಕೋಟನ್ನು ಬಿಟ್ಟಿಲ್ಲ. ಅದರ ತೋಳಿಗೆ ಹತ್ತಿದ ಪೆಟ್ರೋಲಿನ ವಾಸನೆ ಅವರಿಗಿಂತ ಮೊದಲೇ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಓರೆ ನಡಿಗೆಗೂ ವಾಸನೆಗೂ ಕಾರಣ ಅವರ ಅಂಗಳದ ಹಳೆಯ ಫಿಯಾಟ್. ಅದು ಯಾವಾಗ ಕೆಮ್ಮುತ್ತದೋ, ಎಲ್ಲಿ ಉಸಿರು ಕಟ್ಟುತ್ತದೋ ಎಂದು ವರ್ಷಾನುಗಟ್ಟಲೆ ಕಿವಿಗೊಟ್ಟು ಕುತ್ತಿಗೆಯೇ ವಾಲಿಹೋಗಿದೆ.

ಕಾರು ನಿಂತರೆ ಮೆಕ್ಯಾನಿಕ್ಕನ್ನು ಕರೆಯುವುದು ಅವರ ಜಾಯಮಾನವಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಎಳೆದಂತೆ, ಟಾಕಿಯಿಂದ ಪಂಪಿಗೆ, ಪಂಪಿನಿಂದ ಫಿಲ್ಟರಿಗೆ, ಅಲ್ಲಿಂದ ಕಾರ್ಬೊರೇಟರಿಗೆ ಪೆಟ್ರೋಲು ಬರುವ ದಾರಿಯನ್ನೆಲ್ಲ ಕೆದಕುವರು; ಸೂಜಿಮೊನೆಯಷ್ಟು ಕಿರಿದಾದ ತೂತಿನ ಜೆಟ್ಟನ್ನು ಬಿಚ್ಚಿ ಬಾಯಿಂದ ಊದುವರು. “ಹೊಂಟದ್ದು ಎಲ್ಲೋ ನಿಂತದ. ಕಸ ತಗದ್ರ ಬಂದೇ ಬರ್ತದ” ಎಂಬುದು ಅವರ ಮಂತ್ರ.

ಈ ಪೂಜೆಗೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಒತ್ತಬೇಕು. ಇನ್ನೊಬ್ಬರು ಬಾನೆಟ್ಟಿನೊಳಗೆ ಬಗ್ಗಿ, ಕಾರ್ಬೊರೇಟರಿನ ಗಂಟಲಲ್ಲಿ ಪೆಟ್ರೋಲು ಚಿಮ್ಮಿತೋ ಇಲ್ಲವೋ ನೋಡಬೇಕು. ಒತ್ತುವ ಕೆಲಸ ಎಂದಿಗೂ ಪತ್ನಿ ಭಾಗೀರಥೀಬಾಯಿಯವರದು. ಒಮ್ಮೆ ಕಾಗಿನೆಲೆಗೆ ಹೊರಟು ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಮಧ್ಯಾಹ್ನವಿಡೀ ನಿಂತಾಗ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಆಕೆ “ಬಂತೇನ್ರಿ?” ಎನ್ನುವುದು, ಇವರು “ಇನ್ನೊಮ್ಮೆ ಒತ್ತು” ಎನ್ನುವುದು, ನಡುವೆ ಆಕೆ ಬುತ್ತಿ ಬಿಚ್ಚಿ, ಮಸಿಗೈಯ ಗಂಡನ ಬಾಯಿಗೆ ರೊಟ್ಟಿ ತುರುಕಿ, “ಈ ಸವತಿ ಸಲುವಾಗಿ ನಾ ಉಪಾಸ ಬೀಳೂದಿಲ್ಲ” ಎಂದು ನಕ್ಕದ್ದು. ಕೊನೆಗೆ ಜೆಟ್ಟಿನಲ್ಲಿ ಸಿಕ್ಕ ತುಕ್ಕಿನ ಚೂರನ್ನು ಕೃಷ್ಣಾಜಿ ಉಗುರಿನ ಮೇಲಿಟ್ಟು ಆಕೆಗೆ ತೋರಿಸಿದ ಹಿಗ್ಗನ್ನು ನಾನು ಮರೆಯಲಾರೆ.

ಹೋದ ವರ್ಷ ಆಕೆಗೆ ಲಕ್ವ ಹೊಡೆದು ಬಲಗಾಲು ಸತ್ತುಹೋಯಿತು. ಇನ್ನು ಬಾರದೆಂದು ಡಾಕ್ಟರು ಬಿಡಿಸಿ ಹೇಳಿದರೂ ಇವರು ಒಪ್ಪಲಿಲ್ಲ. “ತಲಿಯಿಂದ ಹೊಂಟದ್ದು ಎಲ್ಲೋ ನಿಂತದ, ಅಷ್ಟ” ಎಂದು ನನ್ನೊಡನೆ ವಾದಕ್ಕಿಳಿದರು. ಅಂದಿನಿಂದ ದಿನಾ ಮುಂಜಾನೆ ಆಕೆಯನ್ನು ಎತ್ತಿ ತಂದು ಸ್ಟೇರಿಂಗಿನ ಮುಂದೆ ಕೂರಿಸಿ, ಬಲಗಾಲನ್ನು ಪೆಡಲಿನ ಮೇಲಿಟ್ಟು, ಕಾರು ಚಾಲೂ ಮಾಡಿ ಬಾನೆಟ್ಟು ಎತ್ತುವರು. “ಒತ್ತು, ಭಾಗೀ.” ಎಂಜಿನ್ನು ಭರ್ರೆಂದು ಏರುವುದು. “ಬಂತು ನೋಡು! ನಿನ್ನಿಗಿಂತ ಜೋರ್ ಅದ!”

ಒಂದು ಬೆಳಗ್ಗೆ ಪೇಪರು ಮರಳಿಸಲು ಹೋದವನು ಬಾನೆಟ್ಟಿನ ಪಕ್ಕ ನಿಂತಾಗ ಕಂಡೆ. ಪೆಡಲು ಎಳೆಯಬೇಕಾದ ಕಾರ್ಬೊರೇಟರಿನ ಪುಟ್ಟ ಲಿವರನ್ನು, ಕೋಟಿನ ತೋಳಿನ ಮರೆಯಲ್ಲಿ, ಅವರ ಬೆರಳೇ ಎಳೆಯುತ್ತಿತ್ತು. ಹೇಳಬೇಡಿರೆಂದು ಅವರು ಕಣ್ಣಿಂದಲೇ ನನ್ನನ್ನು ಬೇಡಿಕೊಂಡರು.

ಅವರು ಕೈ ತೊಳೆಯಲು ಒಳಗೆ ಹೋದಾಗ ಭಾಗೀರಥೀಬಾಯಿ ನನ್ನನ್ನು ಕಿಟಕಿಯ ಬಳಿ ಕರೆದರು. ಆಕೆಯ ಬಲಗಾಲು ಪೆಡಲಿನಿಂದ ಜಾರಿ ಆಚೆ ಹೊರಳಿ ಬಿದ್ದಿತ್ತು.

“ಆಗಿಂದ ಕಾಲು ಇಲ್ಲೇ ಬಿದ್ದದರಿ. ಆದ್ರೂ ಬಂತು ಅಂದ್ರು,” ಎಂದರು. “ನನಗ ಮೊದಲೇ ಗೊತ್ತದ. ಅವರಿಗೆ ಹೇಳಬ್ಯಾಡ್ರಿ, ತಡಕೊಳ್ಳೂದಿಲ್ಲ ಅವರು.”

ನಿಂತದ್ದನ್ನು ನಡೆಸಿಯೇ ತೀರುವ ಹಟದ ಜನ ಎಲ್ಲ ಊರಿನಲ್ಲೂ ಇದ್ದಾರೆ. ರಿಪೇರಿಗೆ ಬಾರದ್ದೂ ಒಂದಿದೆಯೆಂದು ಅವರು ಬಾಯಿಬಿಟ್ಟು ಹೇಳಲಾರರು. ಅದನ್ನು ಮೊಂಡುತನವೆಂದು ನಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಈಗ ನಗು ಬರುವುದಿಲ್ಲ. ಇಂಥವರ ಮನೆಯಲ್ಲಿ ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಮಮತೆಯಲ್ಲಿ, ಕೂಡಿ ಅಳಬೇಕಾದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಾರೆ.