ಇನ್ನೊಬ್ಬಳ ಹೆಸರಿನ ಕರ್ಪೂರ

ಸಂಕ್ರಾಂತಿ ಕಳೆದು ಮಾಘದ ಚಳಿ ಹಿಡಿದಿತ್ತು. ದನ ಮನೆಗೆ ತಿರುಗೋ ಹೊತ್ತು. ಮುಳಬಾಗಿಲಿನಿಂದ ಬಂದ ಬಸ್ಸು ಬೈರಕೂರು ದಾಟಿ, ಅರಳಿಕಟ್ಟೆಯ ಹತ್ತಿರ ಶಾಮಲಳನ್ನು ಇಳಿಸಿ, ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿದ ಮೇಲೆ ಅವಳ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಹೊರಳುತ್ತಿದ್ದ ಒಬ್ಬ ಗಂಡಸು. ಇಬ್ಬರು ಗಾಡಿಯ ಗೂಟ ಕಿತ್ತುಕೊಂಡು, ಅಂಗಳದಲ್ಲಿ ಹುಣಸೆಹಣ್ಣು ಬಡಿಯೋ ಹಾಗೆ ಅವನನ್ನು ಬಡಿಯುತ್ತಿದ್ದರು. ಅವನು ಕೂಗುತ್ತಲೂ ಇರಲಿಲ್ಲ. ಕಣ್ಣಿನ ಮೇಲೆ ಕೈ ಒತ್ತಿಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಇಳೀತಿತ್ತು.

ಕಟ್ಟೆಯ ಮೇಲೆ ಬಿಳೀ ಪಂಚೆ ಉಟ್ಟವನೊಬ್ಬ ಎಲೆಗೆ ಸುಣ್ಣ ಸವರಿಕೊಂಡು ಕೂತಿದ್ದ. ಊರಿನ ಮುಖಂಡ ಗಂಗುಲಪ್ಪ ಅವನೇ.

"ಏನಮ್ಮ ಪಾಪ, ಯಾರ ಮನೆಗೆ ಬಂದೆ?"

"ಅಂಜಮ್ಮನವರ ಮನೆಗೆ. ಅವರ ಅಕ್ಕನ ಮಗಳು. ಕೋಲಾರದ ಕಾಲೇಜಿಂದ..."

"ಓ, ನೀನೇನಾ! ನಿಮ್ಮ ಮೇಷ್ಟ್ರು ಹೇಳಿ ಕಳಿಸಿದ್ರು. ರಾಜಕೀಯ ಕಲಿಯೋಕೆ ಬಂದಿರೋಳು." ಗಂಗುಲಪ್ಪ ಎಲೆ ಮಡಿಸಿ ಬಾಯಿಗಿಟ್ಟುಕೊಂಡ. "ನೋಡ್ಕೋ ಮತ್ತೆ. ಇದು ಮೊದಲ್ನೇ ಪಾಠ."

ಸುತ್ತ ನಿಂತವರು ನಕ್ಕರು. ಶಾಮಲ ಚೀಲ ಎದೆಗವುಚಿಕೊಂಡು ಚಿಕ್ಕಮ್ಮನ ಮನೆ ಕಡೆ ಓಡಿದಳು.

ಮಂಡಲ ಪಂಚಾಯ್ತಿ ಅಂತ ಹೊಸದಾಗಿ ಬಂದ ವರ್ಷ ಅದು. ಕಾಲೇಜಿನಲ್ಲಿ ರಾಜಕೀಯ ಪಾಠ ಹೇಳೋ ಮೇಷ್ಟ್ರು, ಪುಸ್ತಕ ಓದಿದರೆ ಸಾಲದು, ಹುಡುಗರು ಒಂದೊಂದು ಮಂಡಲದಲ್ಲಿ ಕೂತು ಕೆಲಸ ಕಲಿತು ಬರಬೇಕು ಅಂತ ಮಾಡಿದ್ದರು. ಅಲ್ಲಿನ ಮುಖಂಡ 'ಚೆನ್ನಾಗಿ ಕೆಲಸ ಮಾಡಿದಳು' ಅಂತ ರುಜು ಹಾಕಿಕೊಟ್ಟರೆ ಅದಕ್ಕೂ ಪರೀಕ್ಷೆಯ ಲೆಕ್ಕದಲ್ಲಿ ಮಾರ್ಕ್ಸು. ಆ ಮಾರ್ಕ್ಸು ಇಲ್ಲದಿದ್ದರೆ ಬಿ.ಎ. ಇಲ್ಲ. ಬಿ.ಎ. ಆಗದಿದ್ದರೆ ಸುಗಟೂರಿನ ಗಂಡಿಗೆ ಕೊಟ್ಟು ಕೈ ತೊಳೆದುಕೊಳ್ಳೋದು ಅಂತ ಆವನಿಯಲ್ಲಿ ಅವಳಪ್ಪ ಶ್ರೀರಾಮಪ್ಪ ಆಗಲೇ ಮಾತಾಡಿಟ್ಟಿದ್ದ. "ಪಾಸಾದೆಯಾ, ಮುಂದಕ್ಕೆ ಓದು. ನಪಾಸಾದೆಯಾ, ನನ್ನ ಕೇಳಬೇಡ." ಅಷ್ಟೇ ಅವನ ಮಾತು.

ಚಿಕ್ಕಮ್ಮ ಅಂಜಮ್ಮನೂ ಆ ಮಂಡಲಕ್ಕೆ ಮೆಂಬರು. ಹೆಂಗಸರಿಗೆ ಅಂತ ಸೀಟು ಬಂದಾಗ ಗಂಗುಲಪ್ಪನೇ ಅವಳನ್ನು ನಿಲ್ಲಿಸಿದ್ದ. ಗಂಡ ತೀರಿಕೊಂಡ ಹೆಂಗಸು, ಮನೆಯಲ್ಲಿ ಮೈದುನ ಮುನಿರಾಮಪ್ಪನ ಮಾತೇ ನಡೆಯೋದು, ಮುನಿರಾಮಪ್ಪ ತನ್ನ ಆಳು. ಹೇಳಿದ ಕಡೆ ಕೈ ಎತ್ತುತ್ತಾಳೆ ಅಂತ ಅವನ ಎಣಿಕೆ. ಗೆದ್ದವರಲ್ಲಿ ಅಂಜಮ್ಮನನ್ನು ಬಿಟ್ಟರೆ ಗಂಗುಲಪ್ಪನ ಕಡೆಯವರು, ಪಕ್ಕದೂರಿನ ಚನ್ನರಾಯಪ್ಪನ ಕಡೆಯವರು ಸಮಸಮ ಆಗಿಬಿಟ್ಟರು. ಮಂಡಲದ ಮುಖ್ಯಸ್ಥ, ಅಂದರೆ ಪ್ರಧಾನ, ಯಾರಾಗಬೇಕು ಅನ್ನೋದು ಅಂಜಮ್ಮನ ಕೈಗೆ ಬಂದು ನಿಂತಿತು.

"ಅಂಜಮ್ಮ ತನಗೆ ಬೇಕಾದವರಿಗೆ ಎತ್ತಲಿ, ಬಿಡ್ರಪ್ಪ" ಅಂತ ಟೀ ಅಂಗಡಿಯಲ್ಲಿ ಅಂದವನು ಅವಳ ಹಿಂದಿನ ಮನೆಯ ಕೂಲಿ ಸೊಣ್ಣಪ್ಪ. ಕಟ್ಟೆಯ ಮುಂದೆ ಹೊರಳುತ್ತಿದ್ದವನು ಅವನೇ.

ಅವನನ್ನು ಎತ್ತಿಕೊಂಡು ಬಂದು ಅಂಜಮ್ಮನ ಜಗುಲಿಯ ಮೇಲೆ ಮಲಗಿಸಿದರು. ಅಂಜಮ್ಮ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದರೆ ಶಾಮಲ ಸೀಮೆಎಣ್ಣೆ ಬುಡ್ಡಿ ಹಿಡಿದಿದ್ದಳು. ಎಡಗಣ್ಣು ಕಣ್ಣಾಗಿ ಉಳಿದಿರಲಿಲ್ಲ.

"ನನ್ನ ಗಂಡನ ಚಟ್ಟ ಹೊರೋಕೆ ಈ ಊರಲ್ಲಿ ಕರೀದೆ ಬಂದೋನು ಇವನೊಬ್ಬನೇ ಕಣೇ" ಅಂದಳು ಅಂಜಮ್ಮ. "ಇವನ ಕಣ್ಣು ಕಿತ್ತೋನಿಗೆ ನಾನು ಕೈ ಎತ್ತಲ್ಲ."

"ಮೆಲ್ಲಗೆ ಚಿಕ್ಕಮ್ಮ. ಯಾರಾದ್ರೂ ಕೇಳಿಸ್ಕೊಂಡಾರು."

"ನಿನ್ನ ಹತ್ರ ಹೇಳ್ದೆ. ನಿನ್ನಲ್ಲೇ ಇರ್ಲಿ."

ಮಾರನೆಯ ದಿನದಿಂದ ಶಾಮಲ ಗಂಗುಲಪ್ಪನ ಪಡಸಾಲೆಯಲ್ಲಿ ಕೂತು ಜನರ ಅರ್ಜಿ ಬರೆದುಕೊಟ್ಟಳು. ಅವನ ಹೆಂಡತಿ ಕಾಫಿ ಕೊಡೋಳು. ಗಂಗುಲಪ್ಪ ಮಾತಿನಲ್ಲಿ ಬೆಣ್ಣೆ. ಅದೇ ಪಡಸಾಲೆಯ ಕಂಬಕ್ಕೆ ಒಬ್ಬ ಗಾಡಿಯವನನ್ನು ಕಟ್ಟಿ ಮುನಿರಾಮಪ್ಪ ಬಾರುಕೋಲಿನಿಂದ ಬಾರಿಸಿದ್ದನ್ನೂ ಅವಳು ನೋಡಿದಳು. ಚನ್ನರಾಯಪ್ಪನ ಕಡೆಯವರಿಗೆ ಹುಲ್ಲು ಸಾಗಿಸಿದ್ದನಂತೆ. ಏಟು ಬಿದ್ದಾಗೆಲ್ಲ ಶಾಮಲ ಬರೆಯೋದು ನಿಲ್ಲಿಸಿ ತಲೆ ಎತ್ತುತ್ತಿದ್ದಳು. "ಬರಿಯಮ್ಮ, ನೀನು ಬರಿ" ಅನ್ನುತ್ತಿದ್ದ ಗಂಗುಲಪ್ಪ.

ಅಂತೂ ಕರ್ಪೂರದ ದಿನ ಬಂತು. ಆ ಕಡೆ ಊರುಗಳಲ್ಲಿ ಕೊಟ್ಟ ಮಾತಿಗೆ ಸಾಕ್ಷಿ ಅಂದರೆ ಅದೇ. ದೇವರ ಮುಂದೆ ಕರ್ಪೂರ ಹಚ್ಚಿ, 'ಇಂಥದ್ದು ಮಾಡ್ತೀನಿ' ಅಂತ ಹೇಳಿ ಅಂಗೈಯಿಂದ ಆರಿಸಿದರೆ ಮುಗಿಯಿತು. ತಪ್ಪಿದವರ ಮನೆ ಮಾತ್ರ ಅಲ್ಲ, ಅವರಿಗೆ ನೀರು ಕೊಟ್ಟವರ ಮನೆಯೂ ಉರಿದುಹೋಗುತ್ತೆ ಅಂತ ನಂಬಿಕೆ. ಗಂಗುಲಪ್ಪ ತನ್ನ ಮೆಂಬರುಗಳನ್ನೆಲ್ಲ ಕೆರೆ ಕೋಡಿಯ ಗಂಗಮ್ಮನ ಗುಡಿಗೆ ಕರೆದುಕೊಂಡು ಹೋದ. ಶಾಮಲಳೂ ಹೋದಳು. ಇದೂ ಕಲಿಯಬೇಕಾದ್ದೇ ಅಂತ ಅವಳ ಲೆಕ್ಕ. ಒಬ್ಬೊಬ್ಬರೇ ಮುಂದೆ ಬಂದು ಆರಿಸಿದರು. ಅಂಜಮ್ಮ ಬಂದಿರಲಿಲ್ಲ. ಹೊರಗಾಗಿದ್ದೀನಿ, ಗುಡಿ ಹತ್ತಲ್ಲ ಅಂತ ಹೇಳಿ ಕಳಿಸಿದ್ದಳು.

ಮುನಿರಾಮಪ್ಪ ತಲೆ ಕೆರೆದುಕೊಂಡ. "ಅತ್ತಿಗೇದು ನಾಟಕ ಅಣ್ಣ."

"ಇರ್ಲಿ ಬಿಡೋ" ಅಂದ ಗಂಗುಲಪ್ಪ. ಶಾಮಲಳ ಕಡೆ ತಿರುಗಿದ. "ಅಕ್ಕನ ಮಗಳು ಅಂದ್ರೆ ಹೊಟ್ಟೇಲಿ ಹುಟ್ಟಿದಂಗೆ. ಬಾರಮ್ಮ, ನಿಮ್ಮ ಚಿಕ್ಕಮ್ಮನ ಹೆಸರು ಹೇಳಿ ನೀನು ಆರಿಸು. ಆ ಕಾಲೇಜಿನ ಕಾಗದ ಚೀಲದಲ್ಲೈತಾ? ಇಲ್ಲೇ ಹಾಕ್ತೀನಿ ರುಜು."

ಶಾಮಲ ಯೋಚನೆ ಮಾಡಿದಳು. ಮಾಡಲಿಲ್ಲ ಅನ್ನೋ ಹಾಗಿಲ್ಲ. ಕರ್ಪೂರ ಆರಿದರೆ ಏನಾಗುತ್ತೆ, ಹೊಗೆ ಬರುತ್ತೆ. ಚಿಕ್ಕಮ್ಮ ಆಣೆ ಇಟ್ಟಿಲ್ಲ, ಅವಳು ಯಾರಿಗೆ ಬೇಕಾದರೂ ಕೈ ಎತ್ತಬಹುದು. ಓದಿದವಳು ತಾನು, ಇವರ ಮೂಢನಂಬಿಕೆ ತನಗೇಕೆ. ಹೀಗೆ ಅಂದುಕೊಂಡು, "ಅಂಜಮ್ಮನ ಪರವಾಗಿ, ಗಂಗುಲಪ್ಪನವರಿಗೇ" ಅಂತ ಹೇಳಿ ಅಂಗೈ ಒತ್ತಿದಳು. ಚುರ್ ಅಂತು. ಗಂಗುಲಪ್ಪ ಮುನಿರಾಮಪ್ಪನನ್ನು ಬಗ್ಗಿಸಿ, ಅವನ ಬೆನ್ನ ಮೇಲೇ ಕಾಗದ ಇಟ್ಟು ರುಜು ಹಾಕಿದ.

ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಲಿಲ್ಲ. ರುಜು ಬಿದ್ದ ಕಾಗದವನ್ನು ಚೀಲದ ತಳಕ್ಕೆ ತುರುಕಿದಳು.

ಪ್ರಧಾನರ ಆಯ್ಕೆ ಬುಧವಾರ, ಸ್ಕೂಲಿನಲ್ಲಿ. ತಾಲ್ಲೂಕಿನಿಂದ ಆಫೀಸರು ಬಂದರು. ಕಿಟಕಿಯ ಹೊರಗೆ ಎರಡು ಕಡೆ ಜನ ದೊಣ್ಣೆ ಹಿಡಿದು ನಿಂತಿದ್ದರು. ಗಂಗುಲಪ್ಪನಿಗೆ ಯಾರು ಅಂದಾಗ ಅಂಜಮ್ಮನ ಕೈ ಮಡಿಲಲ್ಲೇ ಇತ್ತು. ಚನ್ನರಾಯಪ್ಪನಿಗೆ ಯಾರು ಅಂದಾಗ ಬಲಗೈ ನೆಟ್ಟಗೆ ಮೇಲೆದ್ದಿತು.

ಆಫೀಸರ ಜೀಪು ಊರು ದಾಟೋವರೆಗೆ ಕಾದರು. ಆಮೇಲೆ ಮುನಿರಾಮಪ್ಪ ಅತ್ತಿಗೆಯ ಜುಟ್ಟು ಹಿಡಿದು ಸ್ಕೂಲಿನ ಮೆಟ್ಟಿಲ ಮೇಲಿಂದ ಎಳೆದ.

"ಕರ್ಪೂರ ಆರ್ಸಿ ಮಾತು ತಪ್ಪಿದ್ಯಲ್ಲೇ ಮುಂಡೆ!"

"ಯಾವ ಕರ್ಪೂರಾನೋ? ನಾನು ಗುಡಿಗೇ ಬಂದಿಲ್ಲ!"

"ನಿನ್ನ ಹೆಸರು ಹೇಳಿ ಆರ್ಸೈತೆ. ಗಂಗಮ್ಮ ನೋಡವ್ಳೆ."

ಅದನ್ನು ಕೇಳಿದ್ದೇ ತಡ, ಗೆದ್ದ ಚನ್ನರಾಯಪ್ಪನ ಕಡೆಯವರೂ ಹಿಂದೆ ಸರಿದರು. ಬರೀ ಓಟಿನ ಜಗಳವಾಗಿದ್ದರೆ ದೊಣ್ಣೆ ಎತ್ತುತ್ತಿದ್ದರು. ಆಣೆ ತಪ್ಪಿದವಳಿಗೆ ಅಡ್ಡ ನಿಲ್ಲೋಕೆ ಯಾರಿಗೆ ಧೈರ್ಯ? ಅವರ ಮನೆಯಲ್ಲೂ ಮಕ್ಕಳು, ದನ ಕರು. ಹೆಂಗಸರು ಬಾಗಿಲು ಹಾಕಿಕೊಂಡರು.

ಒಬ್ಬ ಒನಕೆ ತಂದ. "ಎತ್ತಿದ್ದು ಯಾವ ಕೈಯೇ?" ಅಂದ ಮುನಿರಾಮಪ್ಪ. ಬಲಗೈಯನ್ನು ಮೆಟ್ಟಿಲಿನ ಕಲ್ಲಿಗೆ ಒತ್ತಿ ಮೊಳಕೈ ಮೇಲೆ ಕಾಲಿಟ್ಟ. ಒನಕೆ ಇಳಿಯಿತು. ಮೂಳೆ ಮುರಿದ ಸದ್ದು ಹಸೀ ಸೌದೆ ಸೀಳಿದ ಸದ್ದಿನ ಹಾಗಿತ್ತು. ಮತ್ತೆ ಇಳಿಯಿತು.

"ಆರ್ಸಿದ್ದು ನಾನು!" ಶಾಮಲ ಕಿರುಚಿಕೊಂಡು ಮುನಿರಾಮಪ್ಪನ ಮೇಲೆ ಬಿದ್ದಳು. "ಚಿಕ್ಕಮ್ಮನಿಗೆ ಗೊತ್ತೇ ಇಲ್ಲ! ನನ್ನ ಕೈ ಮುರೀರಿ!" ಅವನು ಮೊಣಕೈಯಿಂದ ಒಂದು ಬಿಟ್ಟ. ಅವಳ ತುಟಿ ಹರಿದು ಬಾಯೆಲ್ಲ ಉಪ್ಪಾಯಿತು.

"ಕೈ ನಿಂದಾದ್ರೂ ಹೆಸರು ಅವಳ್ದು" ಅಂದ ಗಂಗುಲಪ್ಪ. ಕೂತ ಜಾಗದಿಂದ ಏಳಲೂ ಇಲ್ಲ.

ಆಗ ಬಂದವನು ಸೊಣ್ಣಪ್ಪ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ, ಕೈಯಲ್ಲಿ ಮಚ್ಚು. ಒಂದೇ ಕಣ್ಣು ಅಲ್ವಾ, ಅಂದಾಜು ಸಿಗಲಿಲ್ಲ. ಮುನಿರಾಮಪ್ಪನ ಕಿವಿ ಹರಿಯಿತು, ಅಷ್ಟೇ. ಆಮೇಲೆ ನಾಲ್ಕೂ ಕಡೆಯಿಂದ ಅವನ ಮೇಲೆ ಬಿದ್ದರು. ಅಂಜಮ್ಮನ ಮೇಲೆ ಅಡ್ಡ ಬಿದ್ದುಕೊಂಡ ಅವನು, ಒನಕೆ ತಲೆಯ ಮೇಲೆ ಬಿದ್ದರೂ ಕದಲಲಿಲ್ಲ. ಅವನನ್ನು ಹೊರಳಿಸಿದಾಗ ಇನ್ನೊಂದು ಕಣ್ಣು ತೆರೆದೇ ಇತ್ತು, ಜೀವ ಇರಲಿಲ್ಲ. ಜನ ಕರಗಿಹೋದರು.

ಗುರುವಾರ ಪೊಲೀಸರು ಬಂದರು. ಊರಿಗೆ ಊರೇ ಒಂದು ಮಾತು: ಕುಡಿದು ಮೆಟ್ಟಿಲಿಂದ ಬಿದ್ದ. ಗಂಗುಲಪ್ಪ ಶಾಮಲಳನ್ನು ಪಕ್ಕಕ್ಕೆ ಕರೆದ. "ರುಜು ಹಾಕಿದ್ದೀನಲ್ಲ ಪಾಪ. ಬಾಯಿ ಮುಚ್ಕೊಂಡು ಬಸ್ ಹತ್ತು. ಪಾಸಾಗು."

ಇನ್ಸ್‌ಪೆಕ್ಟರು ಸ್ಕೂಲಿನ ಬೆಂಚಿನ ಮೇಲೆ ಕೂತು ಅವಳ ಮಾತು ಕೇಳಿದರು. ಯಾರು ಹಿಡಿದರು, ಯಾರು ಹೊಡೆದರು, ಯಾರು ಹೊಡೆಸಿದರು. ಕರ್ಪೂರದ, ರುಜುವಿನ ಮಾತನ್ನೂ ಅವಳು ಮುಚ್ಚಿಡಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

"ಯೋಚನೆ ಮಾಡಮ್ಮ. ಕೊಲೆ ಕೇಸಿನವನ ರುಜು ನೋಡಿ ನಿಮ್ಮ ಕಾಲೇಜಲ್ಲಿ ಮಾರ್ಕ್ಸ್ ಕೊಡ್ತಾರಾ?"

"ಕೊಡಲ್ಲ ಸಾರ್."

"ಮತ್ತೆ?"

"ಬರ್ಕೊಳ್ಳಿ."

ಸಂಜೆ ಗಂಗುಲಪ್ಪನನ್ನೂ ಮುನಿರಾಮಪ್ಪನನ್ನೂ ಜೀಪಿಗೆ ಹತ್ತಿಸಿದರು. ರಾತ್ರಿ ಅಂಜಮ್ಮನ ಬಾಗಿಲಿಗೆ ಕಲ್ಲು ಬಿದ್ದವು. ಒಳಗೆ ಅವಳು ಬಿದಿರು ದಬ್ಬೆ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ಶಾಮಲ ರಾಗಿ ಅಂಬಲಿ ಕುಡಿಸೋಕೆ ಹೋದರೆ, ಲೋಟ ಕಿತ್ತುಕೊಂಡು ಎಡಗೈಯಲ್ಲೇ ಕುಡಿದಳು.

"ಚಿಕ್ಕಮ್ಮ, ನಾನು..."

"ಮುರಿದೋರು ಅವರು ಕಣೇ" ಅಂದಳು ಅಂಜಮ್ಮ. "ನನ್ನ ಕೈ ಅವರಿಗೆ ಕೊಟ್ಟೋಳು ನೀನು. ಸೊಣ್ಣಪ್ಪನ್ನೂ ಕೊಟ್ಟೆ."



ಬೆಳಗ್ಗೆ ಸುದ್ದಿ ತಿಳಿದು ಶ್ರೀರಾಮಪ್ಪ ಆವನಿಯಿಂದ ಬಂದು, ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಮಗಳನ್ನು ಕರೆದ. ಸುಗಟೂರಿನವರಿಗೆ ಹೇಳಿ ಕಳಿಸಿಯಾಗಿತ್ತು. ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸದ ದಿನ ಅದು. ಹೀಗೆಲ್ಲ ಆಗದಿದ್ದರೆ ಅಂಜಮ್ಮ ಬಾಗಿಲಿಗೆ ಅಡ್ಡ ನಿಂತು, ನಾಳೆ ಹೋಗುವೆಯಂತೆ ಇರೇ ಅಂತ ಬೈಯುತ್ತಿದ್ದಳು.

"ಬರ್ತೀನಿ ಚಿಕ್ಕಮ್ಮ."

"ಹೋಗು" ಅಂದಳು ಅಂಜಮ್ಮ.

ಬೆಳಗಿನ ಬಸ್ಸಿಗೆ, ಅಪ್ಪನ ಹಿಂದೆ, ಶಾಮಲ ಆ ಊರು ಬಿಟ್ಟು ಹೋದಳು. ಅವತ್ತು ಶುಕ್ರವಾರ.