ಎರಡು ಟ್ಯಾಂಕರ್ ನೀರು

"ಬಿದ್ದ ಹೆಲಿಕಾಪ್ಟರಿನ ಮಷಿನ್ನೊಳಗಿನ ಸಾಮಾನ ಮುರದಿತ್ತಂತ. ಧೂಳಿಗೂ ಅದಕ್ಕೂ ಸಂಬಂಧಿಲ್ಲ. ಮನಿಗೆ ಹೋಗಪಾ, ಆರಾಮ ಇರು," ಎಂದು ನಗರಸಭೆಯ ಸಾಹೇಬರು ತನಿಖೆಯ ವರದಿ ಮಡಿಸಿಟ್ಟರು.

ಅಯ್ಯಣ್ಣ ಹೋಗಲಿಲ್ಲ. ಸುರಪುರದಲ್ಲಿ ಇಪ್ಪತ್ತೆರಡು ವರ್ಷ ನೀರಿನ ಟ್ಯಾಂಕರ್ ಓಡಿಸಿದವನು. ಬಾ ಅಂದರೆ ಬಂದು, ಹೋಗು ಅಂದರೆ ಹೋಗಿ ರೂಢಿ. ಇವತ್ತು ಮಾತ್ರ ಕಾಲು ಏಳಲಿಲ್ಲ.

ಮೂರು ತಿಂಗಳ ಹಿಂದೆ ಕಾಲೇಜು ಮೈದಾನದಲ್ಲಿ, ಸಭೆಗೆ ಬರುವ ದೊಡ್ಡವರ ಹೆಲಿಕಾಪ್ಟರ್ ಇಳಿಯುವುದಿತ್ತು. ಧೂಳು ಏಳದ ಹಾಗೆ ಹತ್ತು ಟ್ಯಾಂಕರ್ ನೀರು ಹೊಡೆಯಬೇಕೆಂದು ಹುಕುಂ. ಅಯ್ಯಣ್ಣ ಎಂಟು ಹೊಡೆದ. ಇನ್ನೆರಡನ್ನು ಐದು ದಿನದಿಂದ ನಳ ಬಾರದ ಒಂದು ಓಣಿಗೆ ಬಿಟ್ಟ. ಹೆಂಗಸರು ಬಾಯ್ತುಂಬ ಹರಸಿದರು. ಅವನಿಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು.

ಸಭೆ ಮುಗಿಸಿದ ದೊಡ್ಡವರು ಕಾರಿನಲ್ಲೇ ಯಾದಗಿರಿಗೆ ಹೋದರು. ಹೆಲಿಕಾಪ್ಟರ್ ನಡೆಸುವ ಹುಡುಗ ಟ್ಯಾಂಕರಿನ ನಳಕ್ಕೆ ಮುಖವೊಡ್ಡಿ ತೊಳೆದುಕೊಂಡು, "ಶುಕ್ರಿಯಾ ಚಾಚಾ," ಎಂದು ನಕ್ಕು, ಒಬ್ಬನೇ ಹತ್ತಿ ಕೂತ. ಧೂಳು ಎದ್ದಿತು. ಬೇವಿನ ಮರದೆತ್ತರಕ್ಕೆ ಹೋದ ಹೆಲಿಕಾಪ್ಟರ್ ಗರಗರ ತಿರುಗಿ ನೆಲಕ್ಕಪ್ಪಳಿಸಿತು. ಹುಡುಗ ಉಳಿಯಲಿಲ್ಲ.

"ಮಷಿನ್ನಾಗ ಧೂಳ ಹೊಕ್ಕೈತಿ," ಎಂದಿತು ಊರು. ಎಂಟು, ಹತ್ತು, ಎಂಟು, ಹತ್ತು ಎನ್ನುತ್ತಲೇ ಅಯ್ಯಣ್ಣನ ದಿನಗಳು ಕಳೆದವು. ತಿಂದ ರೊಟ್ಟಿ ಮೈಗೆ ಹತ್ತಲಿಲ್ಲ. ಹೆಂಡತಿಗೂ ಅವನು ಬಾಯಿ ಬಿಡಲಿಲ್ಲ. ಈಗ ಸಾಹೇಬರ ಮುಂದೆ ಬಿಟ್ಟ.

"ಸಾಹೇಬ್ರ, ನಾ ಹೊಡದಿದ್ದು ಎಂಟ ಟ್ಯಾಂಕರ್ರಿ. ಹತ್ತಲ್ರಿ."

ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು. "ಎಂಟಾಗ್ಲಿ, ಎಂಬತ್ತಾಗ್ಲಿ, ಅದು ಬೀಳೂದಿತ್ತು, ಬಿತ್ತು. ನಿಂದೇನೂ ತಪ್ಪಿಲ್ಲಪಾ."

ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಸಾಕಾಗಿಹೋಗಿತ್ತು, ಅಷ್ಟೇ.

ಹದಿನೈದು ದಿನಕ್ಕೆ ಮತ್ತೊಂದು ಹೆಲಿಕಾಪ್ಟರ್ ಬರುವ ಸುದ್ದಿ, ಮತ್ತೆ ಅದೇ ಹುಕುಂ. ಅಯ್ಯಣ್ಣ ಹತ್ತು ಹೊಡೆದ. ಹನ್ನೊಂದನೆಯದನ್ನು ತಂದು ಪೈಪು ಬಿಚ್ಚುವಾಗ ಅದೇ ಓಣಿಯ ಮಾನಮ್ಮ ಖಾಲಿ ಕೊಡ ಹೊತ್ತು ಮೈದಾನದ ಅಂಚಿಗೆ ಬಂದಳು.

"ಅಯ್ಯಣ್ಣಾ, ಆರ ದಿನಾತು ನಳ ಬಂದಿಲ್ಲ. ನೆಲ ಕೆಸರಾಗೈತಲ್ಲೋ, ಇನ್ನ ಎಷ್ಟ ಹೊಡಿತಿ? ಒಂದ ಕೊಡ ಹಾಕೋ ಯಪ್ಪಾ."

"ಇದು ಕೊಡೂ ನೀರಲ್ಲಬೇ, ಹೋಗು," ಎಂದ, ಅವಳತ್ತ ನೋಡದೆ.

ಮಾನಮ್ಮ ಹೋಗಲಿಲ್ಲ. ಇಳಿಯುವ ಜಾಗದ ಗುರುತಿಗೆಂದು ಸುಣ್ಣದಲ್ಲಿ ಬರೆದ ದೊಡ್ಡ ಅಕ್ಷರದ ಮೇಲೂ ಅವನು ನೀರು ಬಿಟ್ಟ. ಸುಣ್ಣ ಕರಗಿ ಬೆಳ್ಳಗೆ ಹರಿದು ಅವಳ ಪಾದದವರೆಗೆ ಬಂತು. ಅವಳು ಕೊಡವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಅಲ್ಲೇ ನಿಂತಳು. ಅಯ್ಯಣ್ಣ ಪೈಪು ಸುತ್ತಿ, ಹನ್ನೆರಡನೆಯದನ್ನು ತರಲು ಹೊರಟ.